ಮೋಟಾರು ಗಾಡಿಯ ಎಣ್ಣೆ–ನೀರಿನ ವಿಚಾರ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ಎಣ್ಣೆ–ನೀರುಗಳನ್ನು ಕುರಿತು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಆದರೆ ನಮ್ಮ ಗೆಂಡೆಹಳ್ಳಿಯ ಕಡೆ ಬಾಡಿಗೆ ಕಾರು ಓಡಿಸಿ ಜೀವನ ಮಾಡುವವರಿದ್ದಾರೆ. ಅರಸೀಕೆರೆಯಲ್ಲಿ ರೈಲಿಳಿದ ಯಾತ್ರಿಕರನ್ನು ಹಳೇಬೀಡು, ಬೇಲೂರುಗಳಿಗೆ ಕರೆದೊಯ್ಯುವುದು, ಅಲ್ಲಿಂದ ಚಾರ್ಮಾಡಿ ಘಾಟಿಯಿಳಿದು ಧರ್ಮಸ್ಥಳಕ್ಕೆ ಮುಟ್ಟಿಸುವುದು ಅವರ ಕಸುಬು. ಗಾಡಿಯೊಡನೆ ಬರುವ ಕೈಪಿಡಿಯೋ ಇಂಗ್ಲಿಷಿನಲ್ಲಿ. “ಓದ್ದೋನಲ್ವೇನಪ್ಪ, ಇದ್ರಲ್ಲಿ ಏನ್ ಬರ್ದವ್ರೆ ನೋಡಿ ಹೇಳು” ಎಂದು ಅವರು ಕೇಳಿದಾಗಲೆಲ್ಲ ಓದಿ ಹೇಳುತ್ತ ನಾನೂ ಕಲಿತುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ದ್ರವ ಕಡಿಮೆಯಾದರೆ ತುಂಬಬೇಕೆಂಬುದು ಎಲ್ಲರಿಗೂ ಗೊತ್ತು. ಅದು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ಹಸು ಹಾಲು ಕಡಿಮೆ ಮಾಡಿದರೆ ನಮ್ಮ ಹಿರಿಯರು ನೀರು ಬೆರೆಸಿ ಅಳತೆ ಸರಿಮಾಡಿಕೊಂಡು ಸುಮ್ಮನಿರುತ್ತಿರಲಿಲ್ಲ. ಹಸುವಿಗೆ ಏನಾಗಿದೆಯೆಂದು ನೋಡುತ್ತಿದ್ದರು. ಗಾಡಿಯ ವಿಷಯದಲ್ಲಿಯೂ ಅದೇ ಕ್ರಮ ಸರಿ.

ಮೊದಲು ಇಂಜಿನ್ ಎಣ್ಣೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಜನಕ್ಕೆ ಇದು ಹೊಸದೇನಲ್ಲ. ೧೯೦೯ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿಯವರು ತಮ್ಮ ಮೋಟಾರು ಎಣ್ಣೆಗೆ ಹರಳೆಣ್ಣೆ ಬೆರೆಸಿ, ಹರಳಿನ ಇಂಗ್ಲಿಷ್ ಹೆಸರಿನಿಂದಲೇ ಅದನ್ನು ‘ಕ್ಯಾಸ್ಟ್ರಾಲ್’ ಎಂದು ಕರೆದರು! ಎಣ್ಣೆಯನ್ನು ನೋಡುವಾಗ ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಇಂಜಿನ್ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಐದು–ಹತ್ತು ನಿಮಿಷ ಬಿಟ್ಟು, ಅಳತೆಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ಹೊರತೆಗೆದರೆ ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಕಾಣಬೇಕು. ಮೇಲಿನ ಗೆರೆಯನ್ನು ದಾಟಿಸಿ ತುಂಬುವುದು ಜಾಣತನವಲ್ಲ. ತಿರುಗುವ ದಂಡವು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ, ನೊರೆಯಿಂದ ಜಾರಿಕೆ ದೊರೆಯದು. ಡೀಸೆಲ್ ಗಾಡಿಯ ಎಣ್ಣೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ಕಪ್ಪಾದರೆ ಹೆದರಬೇಕಾಗಿಲ್ಲ. ಆದರೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಣ್ಣೆಗೆ ನೀರು ಸೇರಿದೆಯೆಂದರ್ಥ. ಗಾಡಿಯನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಯಬೇಕು. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಎಣ್ಣೆ ಇಳಿಯುತ್ತಿದ್ದು, ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಅದು ಒಳಗೇ ಉರಿದುಹೋಗುತ್ತಿದೆ.

ಎರಡನೆಯದು ರೇಡಿಯೇಟರಿನ ನೀರು, ಅಂದರೆ ಕೂಲೆಂಟ್. ಬೇಲೂರು ಸೀಮೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸಮೀಪದ ಎತ್ತರದಲ್ಲಿರುವುದರಿಂದ ಇಲ್ಲಿ ಬರಿಯ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಗ್ಲೈಕಾಲ್ ಬೆರೆತ ದ್ರವ ಹೆಚ್ಚು ಶಾಖ ತಡೆಯುವುದಲ್ಲದೆ ಲೋಹ ತುಕ್ಕು ಹಿಡಿಯದಂತೆಯೂ ಕಾಯುತ್ತದೆ. ಕೊಳವೆ ಬಾವಿಯ ಗಡಸು ನೀರನ್ನು ಸುರಿದರೆ, ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಇದು ಮುಚ್ಚಿದ ವ್ಯವಸ್ಥೆಯಾದುದರಿಂದ ಮತ್ತೆ ಮತ್ತೆ ಕಡಿಮೆಯಾಗುವುದೆಂದರೆ ಎಲ್ಲೋ ಸೋರುತ್ತಿದೆ. ಬಿಸಿಯಿರುವಾಗ ಮುಚ್ಚಳ ತೆಗೆಯಕೂಡದು. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೆ ಹಾರುತ್ತದೆ. ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಬದಲಾಯಿಸಿದ ಹಳೆಯ ದ್ರವವನ್ನು ನಾಯಿ, ದನ, ಮಕ್ಕಳು ತಿರುಗಾಡುವ ಅಂಗಳದಲ್ಲಿ ಬಿಡುವುದು ಬಹಳ ಕೆಟ್ಟ ಅಭ್ಯಾಸ.

ಗಾಜು ತೊಳೆಯುವ ನೀರು, ಕೆಲವು ಗಾಡಿಗಳಲ್ಲಿರುವ ಸ್ಟಿಯರಿಂಗಿನ ಎಣ್ಣೆ—ಇವನ್ನೂ ಆಗಾಗ್ಗೆ ನೋಡಿದರೆ ಸಾಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬ್ರೇಕಿನ ದ್ರವವನ್ನು.

ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಕುಂದದೆ ಮುಟ್ಟುತ್ತದೆಂದು ತೋರಿಸಿದವನು ೧೭ನೆಯ ಶತಮಾನದ ಫ್ರಾನ್ಸಿನ ಪಾಸ್ಕಲ್. ತತ್ತ್ವಶಾಸ್ತ್ರದ ಪಾಠಗಳಲ್ಲಿ ಬರುವ ಪಾಸ್ಕಲನೇ ಈತ. ಪೆಡಲಿನ ಮೇಲಿನ ಕಾಲಿನ ಬಲ ಚಕ್ರಕ್ಕೆ ತಲುಪುವುದು ಈ ನಿಯಮದಿಂದಲೇ. ಇದರ ಡಬ್ಬಿಯಲ್ಲಿ ಮಟ್ಟ ಮೆಲ್ಲನೆ ಇಳಿದರೆ ಸಾಮಾನ್ಯವಾಗಿ ಬ್ರೇಕಿನ ಪ್ಯಾಡುಗಳು ಸವೆದಿವೆ. ಥಟ್ಟನೆ ಇಳಿದರೆ ಸೋರಿಕೆಯಿದೆ. ಆದರೆ ಮಟ್ಟ ಒಂದಿಷ್ಟೂ ಇಳಿಯದೆಯೂ ಇದು ಕೆಡಬಲ್ಲುದು. ಮಳೆಗಾಲದಲ್ಲಿ ಉಪ್ಪು ಪಸೆಯಾಡುವಂತೆ ಇದೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ ೩’ ಎಂಬ ದರ್ಜೆಯ ದ್ರವ ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೂರಕ್ಕೆ ೩.೭ ಪಾಲು ನೀರು ಸೇರಿದಾಗ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ‘ಡಾಟ್ ೪’ಕ್ಕೆ ಈ ಅಂಕಿಗಳು ೨೩೦ ಮತ್ತು ೧೫೫.

ಇನ್ನು ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ತಿರುವುಗಳನ್ನು ನೆನೆಯಿರಿ. ಕಾರಿನ ತುಂಬ ಜನ, ಮೇಲೆ ಸಾಮಾನು. ಮೇಲಿನ ಗಿಯರಿನಲ್ಲಿ ಬ್ರೇಕನ್ನೇ ಒತ್ತುತ್ತ ಇಳಿದರೆ ಚಕ್ರದ ಬಳಿ ಶಾಖವೇರಿ ತೇವ ಹಿಡಿದ ದ್ರವ ಕುದಿಯಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯ ಗುಳ್ಳೆಗಳನ್ನು ಕುಗ್ಗಿಸಬಹುದು; ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಅಂದು ಬೆಳಿಗ್ಗೆ ಚಾಲಕನು ಡಬ್ಬಿ ನೋಡಿ ‘ತುಂಬಿದೆ’ ಎಂದುಕೊಂಡೇ ಹೊರಟಿರುತ್ತಾನೆ. ಅವನ ತಪ್ಪೆನ್ನುವುದು ಹೇಗೆ? ಇಂತಿಷ್ಟು ಕಾಲಕ್ಕೆ ದ್ರವವನ್ನು ಪೂರ್ತಿ ಬದಲಾಯಿಸಬೇಕೆಂಬ ಮಾತು ಅವನು ಓದಲಾರದ ಭಾಷೆಯಲ್ಲಿದೆ. ಅನೇಕ ಕೈಪಿಡಿಗಳು ಹೇಳುವ ಅವಧಿ ಎರಡು ವರ್ಷ. ಘಾಟಿಯಲ್ಲಿ ಕೆಳಗಿನ ಗಿಯರಿನಲ್ಲಿಯೇ ಇಳಿಯಬೇಕು.

ಈ ಡಬ್ಬಿಗೆ ಇಂಜಿನ್ ಎಣ್ಣೆಯನ್ನು ಒಂದು ಹನಿಯೂ ಹಾಕಕೂಡದು. ಒಳಗಿನ ರಬ್ಬರು ಊದಿಕೊಂಡು ಕೆಡುತ್ತದೆ. ಕೈಪಿಡಿ ಹೇಳಿದ ದರ್ಜೆಯನ್ನೇ ಕೊಳ್ಳಬೇಕು. ಅಂಗಡಿಯಲ್ಲಿ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಅರ್ಧ ಡಬ್ಬಿಯನ್ನು ಅಗ್ಗಕ್ಕೆ ಕೊಟ್ಟರೂ ಬೇಡವೆಂದು ಹೇಳಿ, ಸೀಲು ಒಡೆಯದ ಡಬ್ಬಿಯನ್ನೇ ಕೇಳಿ ತೆಗೆದುಕೊಳ್ಳಬೇಕು.