ಕನಿಷ್ಠದ ಗಣಿತ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕರಿನೆಲದಲ್ಲಿ ಬೆಳೆದ ಹತ್ತಿ ನೂಲಾಗಿ ಮಗ್ಗವನ್ನೇರಿದಾಗ, ಎಳೆದರೆ ಆ ನೂಲು ಎಲ್ಲಿ ಹರಿಯುವುದು? ಎಲ್ಲಿ ಅತ್ಯಂತ ದುರ್ಬಲವೋ ಅಲ್ಲಿಯೇ. ಉಳಿದ ಭಾಗವು ಎಷ್ಟು ಗಟ್ಟಿಯಾಗಿದ್ದರೂ ಅದನ್ನು ಕಾಯಲಾರದು. ಸರಾಸರಿ ಬಲವನ್ನು ಕಂಡು ನೂಲನ್ನು ನಂಬುವವನು ಮೋಸಹೋಗುವನು. ಹಾಗಾದರೆ ಕನಿಷ್ಠ ಬಲ ಎಷ್ಟಿದ್ದೀತೆಂದು ಮುಂಚಿತವಾಗಿ ಎಣಿಸುವುದು ಸಾಧ್ಯವೆ? ಸಾಧ್ಯವೆನ್ನುತ್ತದೆ ಸಂಭವನೀಯತಾ ಶಾಸ್ತ್ರ.

ತರಗತಿಯಲ್ಲಿ ಇದನ್ನು ದಾಳಗಳಿಂದ ತೋರಿಸಬಹುದು. ಆರು ಮುಖದ ದಾಳವೊಂದನ್ನು ಅನೇಕ ಸಲ ಉರುಳಿಸಿದರೆ ಬಿದ್ದ ಅಂಕಗಳ ಸರಾಸರಿಯು 3.5ನ್ನು ಸಮೀಪಿಸುವುದು. ಇದಕ್ಕೆ ನಿರೀಕ್ಷಿತ ಮೌಲ್ಯವೆಂದು ಹೆಸರು. ಈಗ ಎರಡು ದಾಳಗಳನ್ನು ಉರುಳಿಸಿ, ಬಿದ್ದ ಎರಡು ಅಂಕಗಳಲ್ಲಿ ಚಿಕ್ಕದನ್ನು ಮಾತ್ರ ಬರೆದುಕೊಳ್ಳೋಣ. ಇದರ ಸರಾಸರಿಯೂ 3.5 ಎಂದು ಭಾವಿಸುವುದು ಭ್ರಮೆ.

ಚಿಕ್ಕ ಅಂಕವು 3 ಅಥವಾ ಹೆಚ್ಚಾಗಬೇಕಾದರೆ ಎರಡು ದಾಳಗಳೂ 3 ಅಥವಾ ಹೆಚ್ಚನ್ನು ತೋರಬೇಕು. ಒಂದು ದಾಳಕ್ಕೆ ಆ ಸಂಭವ 4/6. ದಾಳಗಳು ಪರಸ್ಪರ ಸ್ವತಂತ್ರವಾದುದರಿಂದ ಸಂಭವಗಳನ್ನು ಗುಣಿಸಿದರೆ 16/36. ಹೀಗೆ 1ರಿಂದ 6ರವರೆಗೆ ಪ್ರತಿಯೊಂದಕ್ಕೂ 'ಅಷ್ಟು ಅಥವಾ ಹೆಚ್ಚು' ಬರುವ ಸಂಭವವನ್ನು ಕಂಡು ಕೂಡಿಸಬೇಕು. ಕನಿಷ್ಠವು 3 ಆದಾಗ ಅದು 1ರಲ್ಲಿ, 2ರಲ್ಲಿ, 3ರಲ್ಲಿ ಒಂದೊಂದು ಸಲ, ಒಟ್ಟು ಮೂರು ಸಲ ಎಣಿಕೆಗೆ ಬರುವುದು. ಆದುದರಿಂದ ಈ ಮೊತ್ತವೇ ಬೇಕಾದ ನಿರೀಕ್ಷಿತ ಮೌಲ್ಯ. ಅದು 36, 25, 16, 9, 4, 1 ಇವುಗಳ ಮೊತ್ತವನ್ನು 36ರಿಂದ ಭಾಗಿಸಿದಷ್ಟು. ಎಂದರೆ 91/36, ಸುಮಾರು 2.53.

ಇಲ್ಲಿ ಬಂದುದು ವರ್ಗಗಳ ಮೊತ್ತ. ಮೂರು ದಾಳಗಳಾದರೆ ಘನಗಳ ಮೊತ್ತ ಬರುವುದು: 441/216, ಸುಮಾರು 2.04. ಈ ಮೊತ್ತಗಳನ್ನು ಪಡೆಯುವ ಸೂತ್ರಗಳು ನಮ್ಮ ನಾಡಿಗೆ ಹೊಸವಲ್ಲ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಂತಹ ಸಂಕಲಿತಗಳನ್ನು ವಿವರಿಸಿದ್ದಾನೆ. ಗ್ರಂಥಾರಂಭದಲ್ಲಿ ಅವನು ಸ್ತುತಿಸಿರುವ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವು, ಇಂದಿನ ಮಳಖೇಡವು, ಸೈದಾಪುರಕ್ಕೆ ಬಹುದೂರದ್ದಲ್ಲ. ಸಂಭವನೀಯತಾ ಶಾಸ್ತ್ರವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಅದಕ್ಕೆ ಬೇಕಾದ ಸಾಧನವೊಂದು ಹೀಗೆ ಸಿದ್ಧವಾಗಿತ್ತು.

ನಾಲ್ಕು ದಾಳಗಳಿಗೆ ಕನಿಷ್ಠದ ಮೌಲ್ಯ ಸುಮಾರು 1.76. ಸಂಖ್ಯೆ ಹೆಚ್ಚಿದಂತೆ ಕನಿಷ್ಠವು ಕುಗ್ಗುವುದು. 1926ರಲ್ಲಿ ಇಂಗ್ಲೆಂಡಿನ ಪೀರ್ಸ್ ಎಂಬ ವಿಜ್ಞಾನಿಯು ಹತ್ತಿಯ ನೂಲಿಗೆ ಈ ವಿಚಾರವನ್ನೇ ಅನ್ವಯಿಸಿ, ನೂಲು ಉದ್ದವಾದಷ್ಟೂ ಅದರ ಬಲ ಕಡಿಮೆಯಾಗುವುದಕ್ಕೆ ಕಾರಣವನ್ನು ವಿವರಿಸಿದನು. ಉದ್ದನೆಯ ನೂಲಿನಲ್ಲಿ ದುರ್ಬಲವಾದ ಭಾಗವೊಂದು ಇರುವ ಸಂಭವವೇ ಹೆಚ್ಚು.

ಶಿಕ್ಷಕರಿಗೆ ಈ ತತ್ತ್ವವು ಇನ್ನೂ ಹತ್ತಿರದ್ದು. ಆರು ವಿಷಯಗಳಲ್ಲಿಯೂ ತೇರ್ಗಡೆಯಾಗಬೇಕಾದ ವಿದ್ಯಾರ್ಥಿಗೆ ಒಂದೊಂದರಲ್ಲಿ ತೇರ್ಗಡೆಯಾಗುವ ಸಂಭವವು ಹತ್ತರಲ್ಲಿ ಒಂಬತ್ತು ಎಂದಿಟ್ಟುಕೊಳ್ಳೋಣ. ವಿಷಯಗಳು ಸ್ವತಂತ್ರವಾಗಿದ್ದರೆ ಆರರಲ್ಲಿಯೂ ತೇರ್ಗಡೆಯಾಗುವ ಸಂಭವವು ನೂರಕ್ಕೆ 53 ಮಾತ್ರ. ವಾಸ್ತವವಾಗಿ ಒಂದರಲ್ಲಿ ಜಾಣನಾದವನು ಇನ್ನೊಂದರಲ್ಲಿಯೂ ಜಾಣನಾಗಿರುವುದುಂಟು. ಆಗ ಗುಣಾಕಾರವು ಹಾಗೆಯೇ ಸಲ್ಲದು, ಸಂಭವವು ಇದಕ್ಕಿಂತ ಹೆಚ್ಚಿದ್ದೀತು. ಆದರೂ ಎಚ್ಚರಿಕೆ ಸುಳ್ಳಾಗದು: ಅವನ ವರ್ಷವನ್ನು ನಿರ್ಣಯಿಸುವುದು ಒಟ್ಟು ಅಂಕಗಳ ಸರಾಸರಿಯಲ್ಲ, ಅತ್ಯಂತ ಕಡಿಮೆ ಅಂಕ ಬಂದ ವಿಷಯ. ಗುರುವಿನ ಹೆಚ್ಚಿನ ಹೊತ್ತು ಸಲ್ಲಬೇಕಾದುದು ಆ ವಿಷಯಕ್ಕೆ.