ಕೂಳೆಯ ಬೆಂಕಿಯೂ ಆಕಾಶದ ಕಣ್ಣೂ: ಸಿಂಧನೂರು ಸೀಮೆಯಿಂದ ನಮಗೊಂದು ಪಾಠ



2022ರ ಡಿಸೆಂಬರ್ ಕೊನೆಯ ವಾರದಲ್ಲಿ ಸದಸ್ಯರ ದನಕರುಗಳಿಗೂ ತೋಟದ ಮುಚ್ಚಿಗೆಗೂ ಭತ್ತದ ಹುಲ್ಲು ಕೊಳ್ಳುವ ಸಲುವಾಗಿ ನಾನೂ ಇಬ್ಬರು ನಿರ್ದೇಶಕರೂ ರಾಯಚೂರು ಜಿಲ್ಲೆಗೆ ಹೋಗಿದ್ದೆವು. ಲಿಂಗಸುಗೂರಿನಲ್ಲಿ ಒಂದು ಕೆಲಸ ಮುಗಿಸಿಕೊಂಡು ಇಳಿಹೊತ್ತಿನಲ್ಲಿ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಹೊರಟೆವು. ಅಶೋಕನ ಹೆಸರುಳ್ಳ ಶಿಲಾಶಾಸನ 1915ರಲ್ಲಿ ದೊರೆತ ಊರು ಈ ಮಸ್ಕಿ. ಅದನ್ನು ದಾಟಿ ಕಾಲುವೆಯ ಸೀಮೆಗೆ ಇಳಿಯುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಗದ್ದೆಗಳು ಉರಿಯುತ್ತಿದ್ದವು. ಹೊಗೆ ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಎದುರಿನ ಲಾರಿಯ ದೀಪ ಹತ್ತು ಮಾರು ಹತ್ತಿರ ಬರುವ ತನಕ ಕಾಣಲಿಲ್ಲ. ನಮ್ಮ ಚಾಲಕ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟ.

ರಾತ್ರಿ ವಸತಿಗೃಹದಲ್ಲಿ ಕುಳಿತು ನಾನು ಎಣಿಕೆ ಹಾಕಿದೆ. ಆ ದಾರಿಯಲ್ಲಿ ನಾವು ಕಣ್ಣಾರೆ ಕಂಡ ಬೆಂಕಿಗಳು ಹತ್ತೊಂಬತ್ತು. ಮರುದಿನ ಮಧ್ಯಾಹ್ನ ಮೊಬೈಲಿನಲ್ಲಿ ಉಪಗ್ರಹದ ಬೆಂಕಿ ನಕ್ಷೆಯನ್ನು ತೆರೆದು ನೋಡಿದರೆ, ಹಿಂದಿನ ದಿನದ ಲೆಕ್ಕದಲ್ಲಿ ಆ ದಾರಿಯ ಮೇಲೆ ಇದ್ದದ್ದು ಎರಡೇ ಚುಕ್ಕೆ. ಉಳಿದ ಹದಿನೇಳು ಬೆಂಕಿಗಳು ಎಲ್ಲಿಗೆ ಹೋದವು? ಈ ಪ್ರಶ್ನೆಯೇ ಈ ಸಂಚಿಕೆಯ ಪಾಠ. ಇದು ಬಯಲುಸೀಮೆಯ ವಿಷಯ, ಮಲೆನಾಡಿನ ನಮಗೇಕೆ ಎಂದು ಪುಟ ತಿರುಗಿಸಬಾರದಾಗಿ ವಿನಂತಿ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ಅವರು ಸುಡುವುದೇಕೆ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಮುಂಗಾರಿನ ಭತ್ತ ನವೆಂಬರ್–ಡಿಸೆಂಬರಿನಲ್ಲಿ ಕಟಾವಿಗೆ ಬರುತ್ತದೆ. ಜಲಾಶಯದಲ್ಲಿ ನೀರಿದ್ದು, ನೀರಾವರಿ ಸಲಹಾ ಸಮಿತಿ ಒಪ್ಪಿದ ವರ್ಷ ಎರಡನೆಯ ಬೆಳೆಯ ನಾಟಿಗೆ ಕೆಲವೇ ವಾರಗಳ ಬಿಡುವು. ಕೈಕೊಯ್ಲಿನ ಕಾಲದಲ್ಲಿ ಹುಲ್ಲು ಸಿವುಡು ಕಟ್ಟಿಕೊಂಡು ಬಣವೆ ಸೇರುತ್ತಿತ್ತು. ಈಗಿನ ಕಟಾವು ಯಂತ್ರ ಕಾಳನ್ನು ಒಯ್ದು ಹುಲ್ಲನ್ನು ಚೆಲ್ಲಿ ಹೋಗುತ್ತದೆ. ಮೊಳಕಾಲೆತ್ತರದ ಕೂಳೆ ನಿಂತೇ ಇರುತ್ತದೆ.

ನಾವು ಹುಲ್ಲು ಕೊಂಡ ರೈತರು ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: “ಸುಡಬಾರ್ದು ಅಂತ ನಮಗೂ ಗೊತ್ತೈತ್ರಿ ಸರ. ಹುಲ್ಲು ಕಟ್ಟೂ ಮಷಿನ್ ಬಂದ್ರ ಕೊಡ್ತೀವಿ. ಬರಲಿಲ್ಲಂದ್ರ ಕಾಲುವಿ ನೀರು ಬರೂದ್ರೊಳಗ ಹೊಲ ಹಸನ ಮಾಡ್ಬೇಕಲ್ರಿ? ಒಂದ ಕಡ್ಡಿ ಗೀರಿದ್ರ ಅರ್ಧ ತಾಸಿನ ಕೆಲಸ.”

ಈ ಅರ್ಧ ತಾಸು ಎಂಬ ಮಾತನ್ನು ಸದಸ್ಯರು ನೆನಪಿನಲ್ಲಿಡಬೇಕು.

ಲಿಂಗಸುಗೂರು ಕಡೆಯ ಒಣಬೇಸಾಯದಲ್ಲಿ ಬೆಂಕಿಯ ರೀತಿ ಬೇರೆ. ಅಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರುವಲಿಗೆ ಮನೆ ಸೇರುತ್ತವೆ; ಮಿಕ್ಕದ್ದನ್ನು ಬದುವಿನ ಹತ್ತಿರ ಗುಂಪೆ ಹಾಕಿ ಸುಡುವುದುಂಟು. ಗದ್ದೆಯ ಬೆಂಕಿ ಹರಡಿಕೊಂಡ ಬೆಂಕಿ, ಗುಂಪೆಯ ಬೆಂಕಿ ಚಿಕ್ಕ ಬೆಂಕಿ. ಆಕಾಶದಿಂದ ನೋಡುವವನಿಗೆ ಇವೆರಡೂ ಒಂದೇ ಅಲ್ಲ.

ಆಕಾಶದ ಕಣ್ಣು ನೋಡುವ ಬಗೆ

ಅಡಿಕೆ ಬೇಯಿಸುವ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತರೂ ಬೆಂಕಿ ಎತ್ತ ಇದೆಯೆಂದು ಮುಖಕ್ಕೆ ತಿಳಿಯುತ್ತದೆ. ಕಣ್ಣಿಗೆ ಕಾಣದ ಶಾಖಕಿರಣ ಚರ್ಮಕ್ಕೆ ತಾಗುವುದೇ ಕಾರಣ. ಉಪಗ್ರಹದ ಉಪಕರಣವೂ ಇದನ್ನೇ ಗ್ರಹಿಸುತ್ತದೆ. ತಣ್ಣಗಿರುವ ನೆಲ ಸುಮಾರು 10 ಮೈಕ್ರಾನ್ ಅಲೆಯುದ್ದದಲ್ಲಿ ಹೆಚ್ಚು ಶಾಖಕಿರಣ ಬಿಡುತ್ತದೆ. ಉರಿಯುವ ಬೆಂಕಿ ಸುಮಾರು 4 ಮೈಕ್ರಾನಿನಲ್ಲಿ. ಆದುದರಿಂದ 4 ಮೈಕ್ರಾನಿನ ಕಿಂಡಿಯಿಂದ ನೋಡಿದಾಗ ಸುತ್ತಲಿನ ನೆಲಕ್ಕಿಂತ ಬೆಂಕಿ ಎದ್ದು ಕಾಣುತ್ತದೆ.

ಈ ಕೆಲಸಕ್ಕೆ ಅಮೆರಿಕದ ‘ಮೋಡಿಸ್’ ಉಪಕರಣವನ್ನು 1999ರಲ್ಲಿ ಟೆರ್ರಾ, 2002ರಲ್ಲಿ ಆಕ್ವಾ ಉಪಗ್ರಹಗಳು ಹೊತ್ತು ಹೋದವು. ಅದು ನೆಲವನ್ನು ಒಂದು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ನೋಡುತ್ತದೆ. ಅನಂತರದ ‘ವಿಯರ್ಸ್’ ಉಪಕರಣ 2011ರಲ್ಲಿ ಸುವೋಮಿ, 2017ರಲ್ಲಿ ನೋವಾ–20, 2022ರಲ್ಲಿ ನೋವಾ–21 ಉಪಗ್ರಹಗಳಲ್ಲಿ ಹೋಯಿತು. ಅದರ ಚೌಕ 375 ಮೀಟರ್. ಇವುಗಳ ವರದಿಯನ್ನು ನಾಸಾದ ‘ಫರ್ಮ್ಸ್’ ನಕ್ಷೆಯಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಸಾಮಾನ್ಯವಾಗಿ ಉಪಗ್ರಹ ಹಾದುಹೋದ ಮೂರು ಗಂಟೆಯೊಳಗೆ ಚುಕ್ಕೆ ಬೀಳುತ್ತದೆ.

ಹದಿನೇಳು ಬೆಂಕಿ ಕಾಣದೆ ಹೋದದ್ದೇಕೆ?

1. ಹೊತ್ತು. ವಿಯರ್ಸ್ ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಸಿಂಧನೂರಿನ ರೈತರು ಕಡ್ಡಿ ಗೀರಿದ್ದು ಸಂಜೆ ಐದರ ಮೇಲೆ, ಇಬ್ಬನಿಯ ಹುಲ್ಲು ಹಗಲೆಲ್ಲ ಒಣಗಿದ ಬಳಿಕ. ಅರ್ಧ ತಾಸಿನಲ್ಲಿ ಆರಿದ ಬೆಂಕಿಯನ್ನು ನಡುರಾತ್ರಿಯ ಉಪಗ್ರಹ ಹೇಗೆ ಕಂಡೀತು? ಪಂಜಾಬಿನಲ್ಲಿ ಮಧ್ಯಾಹ್ನದ ಉಪಗ್ರಹ ದಾಟಿದ ಮೇಲೆ ಸುಡುವುದು ಹೆಚ್ಚುತ್ತಿದೆಯೆಂದು 2024ರಲ್ಲಿ ವಿಜ್ಞಾನಿಗಳು ಎತ್ತಿ ತೋರಿಸಿದರು. ದಕ್ಷಿಣ ಕೊರಿಯಾದ ಒಂದು ಭೂಸ್ಥಿರ ಉಪಗ್ರಹದ ಚಿತ್ರಗಳಿಂದ ಇದು ಕಂಡುಬಂತು.

2. ಗಾತ್ರ. ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆಯಷ್ಟು ಉರಿಯುತ್ತಿದ್ದರೆ ಮೋಡಿಸ್ ಸಾಮಾನ್ಯವಾಗಿ ಹಿಡಿಯುತ್ತದೆ. ವಾತಾವರಣ ಚೊಕ್ಕಟವಾಗಿದ್ದರೆ ಇದರ ಹತ್ತನೆಯ ಒಂದು ಪಾಲನ್ನೂ ಹಿಡಿದೀತು. ಆದರೆ ಹತ್ತಿ ಕಟ್ಟಿಗೆಯ ಗುಂಪೆಯೊಂದು ಲೆಕ್ಕಕ್ಕೆ ಸಿಕ್ಕುವುದು ಅಪರೂಪ.

3. ಮರೆ. ಮೋಡ, ದಟ್ಟ ಹೊಗೆ, ಮರದ ನೆರಳು ಅಡ್ಡ ಬಂದರೆ ಬೆಂಕಿ ಕಾಣುವುದಿಲ್ಲ.

ಹಾಗಾದರೆ ಸದಾಕಾಲ ಒಂದೇ ಕಡೆ ನೋಡುವ ಉಪಗ್ರಹ ಇಲ್ಲವೇ ಎಂದು ಕೇಳಬಹುದು. ಇದೆ. ನಮ್ಮದೇ ಇನ್ಸ್ಯಾಟ್–3ಡಿ ಸರಣಿಯ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತವೆ. ಆದರೆ ಅಷ್ಟು ದೂರದಿಂದ ಶಾಖಚಿತ್ರದ ಚೌಕ ನಾಲ್ಕು ಕಿಲೋಮೀಟರ್, ಅಂದರೆ ಸುಮಾರು 4,000 ಎಕರೆ! ಹತ್ತಿರದಿಂದ ನೋಡುವವನು ಯಾವಾಗಲೋ ಒಮ್ಮೆ ಬರುತ್ತಾನೆ. ಸದಾ ನೋಡುವವನಿಗೆ ದೃಷ್ಟಿ ಮಂಜು.

ಇದಕ್ಕೆ ತಿರುವುಮುರುವಾದ ತಪ್ಪೂ ಉಂಟು. ಕಾದ ಲೋಹದ ಮಾಡು, ಇಟ್ಟಿಗೆಗೂಡು, ಉಕ್ಕಿನ ಕಾರ್ಖಾನೆಯ ಕುಲುಮೆ ಇವು ಬೆಂಕಿಯಂತೆ ಚುಕ್ಕೆ ಇಡಬಲ್ಲವು. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಚುಕ್ಕೆ ಬೀಳುತ್ತಿದ್ದರೆ ಅದು ಗದ್ದೆಯ ಬೆಂಕಿಯಲ್ಲ.

ಹೊಗೆಯ ಲೆಕ್ಕ ಬೇರೆ

ಬೆಂಕಿ ಆರಿದರೂ ಹೊಗೆ ಉಳಿಯುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ತಣ್ಣನೆಯ ಭಾರದ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಂತು ಪಾತ್ರೆಗೆ ಮುಚ್ಚಳ ಹಾಕಿದಂತಾಗುತ್ತದೆ. ಒಲೆಯ ಹೊಗೆ ಸಂಜೆ ನಮ್ಮ ಕಣಿವೆಯಲ್ಲಿ ಮೇಲೇರದೆ ಅಡ್ಡಡ್ಡ ಹರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆ ದಿನ ಹೊಗೆ ರಸ್ತೆಯ ಮೇಲೆ ಮಲಗಿದ್ದೂ ಇದೇ ಕಾರಣಕ್ಕೆ.

ಹೊಗೆಯಲ್ಲಿ ಅಪಾಯಕಾರಿಯಾದದ್ದು 2.5 ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಅದು ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. 2009ರಲ್ಲಿ ನಿಗದಿಯಾದ ರಾಷ್ಟ್ರೀಯ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ಇದನ್ನು ನೆಲದ ಮೇಲಿನ ಯಂತ್ರವೇ ಅಳೆಯಬೇಕು. ಉಪಗ್ರಹ ಹೇಳುವುದು ನೆಲದಿಂದ ಆಕಾಶದ ತನಕ ಇರುವ ಒಟ್ಟು ಮಬ್ಬನ್ನು. ನಮ್ಮ ಮೂಗಿನ ಮಟ್ಟದ ಹೊಗೆಯನ್ನಲ್ಲ.

ಲೆಕ್ಕ ಇಟ್ಟರೆ ಸಾಲದು

ಆಗ್ನೇಯ ಏಷ್ಯದ ಅನುಭವ ಇಲ್ಲಿ ಉಪಯುಕ್ತ. ಬೆಂಕಿಯನ್ನೂ ಹೊಗೆಯ ಮಬ್ಬನ್ನೂ ಕಾಯುವ ಹವಾಮಾನ ಕೇಂದ್ರವೊಂದು 1993ರಿಂದ ಸಿಂಗಪುರದಲ್ಲಿದೆ. 1997ರಲ್ಲಿ ಇಂಡೋನೇಷ್ಯದ ಜೌಗು ನೆಲದ ಬೆಂಕಿಯಿಂದ ನೆರೆರಾಷ್ಟ್ರಗಳೂ ಉಸಿರು ಕಟ್ಟಿದವು. 2002ರಲ್ಲಿ ಆ ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಿದವು. ಆದರೂ 2015ರಲ್ಲಿ ಅದೇ ಹೊಗೆ ಮತ್ತೆ ಕವಿಯಿತು. ಕಾಯುವವರ ಕಣ್ಣಿಗೆ ಕೊರತೆಯಿರಲಿಲ್ಲ. ಸುಡುವವನಿಗೆ ಅಷ್ಟೇ ಅಗ್ಗದ ಬೇರೆ ದಾರಿ ಸಿಕ್ಕಿರಲಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಭತ್ತದ ಕಟಾವಿನ ಕಾಲದಲ್ಲಿ ಕೂಳೆ ಬೆಂಕಿಯ ದಿನವಹಿ ಪಟ್ಟಿ ಪ್ರಕಟಿಸುತ್ತ ಬಂದಿದೆ. ಆ ಪಟ್ಟಿ ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ದೆಹಲಿ, ರಾಜಸ್ಥಾನ, ಮಧ್ಯಪ್ರದೇಶಗಳದ್ದು; ಸಿಂಧನೂರಿನ ಹೊಗೆ ಅದರಲ್ಲಿ ಸೇರಿಲ್ಲ.

ಬೇರೆ ದಾರಿಯ ಒಂದು ಸಣ್ಣ ಪಾಲು ನಮ್ಮ ಕೈಯಲ್ಲಿದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ಇರುತ್ತದೆ. ಎಕರೆಗೆ ಎರಡು ಟನ್ ಹುಲ್ಲು ಎಂದು ಹಿಡಿದರೆ 50 ಕಿಲೋ ಪೊಟ್ಯಾಷ್. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿನಂತೆ ಇದು ಸುಮಾರು 350 ಮರಗಳ ಒಂದು ವರ್ಷದ ಪಾಲು. ಸುಟ್ಟರೆ ಸಾರಜನಕ ಬಹುಮಟ್ಟಿಗೆ ಹೊಗೆಯಾಗಿ ಹೋಗುತ್ತದೆ. ಪೊಟ್ಯಾಷಿನ ಹೆಚ್ಚು ಪಾಲು ಬೂದಿಯಲ್ಲಿ ಉಳಿಯುತ್ತದೆ. ಹಾಗಾಗಿ ನಾವು ಹುಲ್ಲು ಕೊಂಡಾಗ ಆ ರೈತರ ಹೊಲದ ಪೊಟ್ಯಾಷನ್ನೇ ಲಾರಿಯಲ್ಲಿ ಹೇರಿಕೊಂಡು ಬರುತ್ತೇವೆ. ಬೆಲೆ ಚೌಕಾಸಿ ಮಾಡುವಾಗ ಇದನ್ನು ನೆನೆಯುವುದು ನ್ಯಾಯ.

ನಮ್ಮ ತೋಟಕ್ಕೆ ಬಂದರೆ

ಕಳೆದ ಬೇಸಿಗೆಯಲ್ಲಿ ಸದಸ್ಯರೊಬ್ಬರು ಮೊಬೈಲು ಹಿಡಿದು ಸಂಘದ ಕಚೇರಿಗೆ ಬಂದರು. ಅವರ ಕಾಫಿ ಗಿಡಗಳು ಸುಟ್ಟಿದ್ದವು. ನಕ್ಷೆಯ ಚುಕ್ಕೆ ನೆರೆಯವರ ಜಮೀನಿನಲ್ಲಿ ಬಿದ್ದಿತ್ತು. “ಬೆಂಕಿ ಹಚ್ಚಿದ್ದು ಅವರೇ ಎಂದು ಸಂಘದಿಂದ ಪತ್ರ ಕೊಡಿ ಮಾರಾಯರೆ” ಎಂಬುದು ಅವರ ಬೇಡಿಕೆ. ನಾನು ಕೊಡಲಿಲ್ಲ. 375 ಮೀಟರ್ ಚೌಕವೆಂದರೆ ಸುಮಾರು 35 ಎಕರೆ. ಚುಕ್ಕೆಯನ್ನು ಇಡುವುದು ಆ ಚೌಕದ ನಡುವಿನಲ್ಲಿ. ಬೆಂಕಿ ಅದರ ಯಾವ ಮೂಲೆಯಲ್ಲಾದರೂ ಇದ್ದಿರಬಹುದು. ನಮ್ಮ ಕಡೆ 35 ಎಕರೆಯೊಳಗೆ ಏಳೆಂಟು ಮನೆಗಳ ತೋಟ ಬರುತ್ತದೆ. ಚುಕ್ಕೆ ಬೆಂಕಿಯ ಸುಳಿವು ಕೊಡುತ್ತದೆ. ಹಚ್ಚಿದವರ ಹೆಸರು ಹೇಳುವುದಿಲ್ಲ. ಅದನ್ನು ನಂಬಿ ಎರಡು ಮನೆಗಳು ಕೋರ್ಟು ಹತ್ತಿದರೆ, ಮುಂದಿನ ಬೆಂಕಿ ಆರಿಸಲು ಒಬ್ಬರಿಗೊಬ್ಬರು ಬರುವುದಿಲ್ಲ. ಆ ಸದಸ್ಯರು ಅಂದು ಬೇಸರದಿಂದಲೇ ಹೋದರು.

ನಾನು ಈ ಮಾತು ಹೇಳಲು ಇನ್ನೊಂದು ಕಾರಣವುಂಟು. 2011ರ ಮಾರ್ಚಿನಲ್ಲಿ ನಾನೇ ಬೇಲಿಯಂಚಿನ ದರಗು ಗುಡಿಸಿ ಸುಡಿಸಿದೆ. ಸಂಜೆ ಬೆಂಕಿ ಆರಿತೆಂದು ಮನೆಗೆ ಬಂದೆ. ಒಳಗೊಳಗೆ ಬೇಯುತ್ತಿದ್ದ ಮರದ ಬುಡವೊಂದು ಮರುದಿನದ ಗಾಳಿಗೆ ಎದ್ದು, ನೆರೆಯವರ ನಲವತ್ತು ಅಡಿಕೆ ಮರಗಳ ಬುಡ ಬೇಯಿಸಿತು. ಮೊದಲು ಏನೂ ಕಾಣಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವು ಒಂದೊಂದಾಗಿ ಸುಳಿ ಬಾಗಿದವು. ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ. ಹಣ ಕೊಟ್ಟೆ; ವರ್ಷಗಳನ್ನು ಕೊಡಲಾಗಲಿಲ್ಲ. ಅಂದು ಯಾವ ನಕ್ಷೆಯಲ್ಲೂ ಚುಕ್ಕೆ ಬಿದ್ದಿರಲಾರದು. ತಪ್ಪನ್ನು ನಾನೇ ಹೋಗಿ ಒಪ್ಪಿಕೊಂಡೆ, ಆದುದರಿಂದ ಇಂದಿಗೂ ಮಾತುಕತೆ ಉಳಿದಿದೆ.

ಸದಸ್ಯರು ಅನುಸರಿಸಬೇಕಾದ ಕ್ರಮ

1. ಚುಕ್ಕೆ ಇಲ್ಲವೆಂದರೆ ಬೆಂಕಿ ಇಲ್ಲವೆಂದಲ್ಲ. ಫೆಬ್ರವರಿಯಿಂದ ಹೂಮಳೆ ಬರುವ ತನಕ ಸಂಜೆ ನಾಲ್ಕರಿಂದ ಏಳರವರೆಗೆ ಪ್ರತಿ ಊರಿನಲ್ಲಿ ಒಬ್ಬರು ಸರದಿಯಂತೆ ಎತ್ತರದ ಜಾಗದಿಂದ ನೋಡಬೇಕು. ಉಪಗ್ರಹ ನೋಡದ ಹೊತ್ತು ಇದೇ.

2. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ನೋಂದಾಯಿಸಿಕೊಂಡವರ ಮೊಬೈಲಿಗೆ ಕಾಡ್ಗಿಚ್ಚಿನ ಎಚ್ಚರಿಕೆ ಕಳುಹಿಸುತ್ತದೆ. ಕಾಡಂಚಿನ ಸದಸ್ಯರು ನೋಂದಾಯಿಸಿಕೊಳ್ಳಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮೀರಿ ಸುಟ್ಟದ್ದನ್ನು, ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದನ್ನು ಮರೆಯಬಾರದು.

3. ದರಗನ್ನು ಸುಡದೆ ಕಾಫಿ, ಅಡಿಕೆಯ ಬುಡಕ್ಕೆ ಹಾಕಿ. ಗಡಿಯಲ್ಲಿ ಮಾತ್ರ ಹತ್ತು ಅಡಿ ಅಗಲ ಮಣ್ಣು ಕಾಣುವಂತೆ ಕೆರೆದು ಬಿಡಿ.

4. ಎಲ್ಲಿಯೇ ಬೆಂಕಿ ಆರಿಸಿದರೂ ಮರದ ಬುಡಗಳನ್ನು ಮರುದಿನವೂ ಅದರ ಮರುದಿನವೂ ಕೈಯಿಟ್ಟು ನೋಡಿ. ಬಿಸಿ ಇದ್ದರೆ ನೀರು ಹಾಕಿ.

5. ಬೆಂಕಿ ಕಂಡೊಡನೆ ಮೊದಲು ನೆರೆಯವರನ್ನು ಕೂಗಿ, ಕೂಡಲೇ 112ಕ್ಕೆ ಕರೆಮಾಡಿ. ನಕ್ಷೆ ನೋಡುವುದು ಆಮೇಲೆ.

ಈ ಸಲದ ಹುಲ್ಲಿನ ಬೇಡಿಕೆಯನ್ನು ಸದಸ್ಯರು ಅಕ್ಟೋಬರ್ ಕೊನೆಯೊಳಗೆ ಕಚೇರಿಗೆ ಬರೆದು ತಿಳಿಸಬೇಕು. ಮುಂಗಡವಾಗಿ ತಿಳಿದರೆ ಸಿಂಧನೂರಿನಲ್ಲಿ ಹುಲ್ಲು ಕಟ್ಟುವ ಯಂತ್ರ ಕಟಾವಿನ ಬೆನ್ನಿಗೇ ಗದ್ದೆಗೆ ಇಳಿಯುವಂತೆ ಮಾಡಬಹುದು. ನಾವು ತರುವ ಹತ್ತಿಪ್ಪತ್ತು ಲಾರಿಯಿಂದ ಆ ಸೀಮೆಯ ಹೊಗೆ ನಿಲ್ಲುವುದಿಲ್ಲ. ಆದರೂ ಅಷ್ಟು ಎಕರೆಯಲ್ಲಿ ಯಾರೂ ಕಡ್ಡಿ ಗೀರಬೇಕಾಗುವುದಿಲ್ಲ.

— ಕಾರ್ಯದರ್ಶಿ