ಗ್ಯಾರೇಜಿಗೆ ಸುಣ್ಣ: ಅಲ್ಪವೆಚ್ಚದ ಒಂದು ಪಾಠ

ಬೀದರ, ಭಾಲ್ಕಿ, ಔರಾದಗಳಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು ಮನೆಯ ಮಗ್ಗುಲಲ್ಲಿ ಕಾರಿಗೋ ಬೈಕಿಗೋ ಒಂದು ಗ್ಯಾರೇಜನ್ನು ಕಟ್ಟಿಸುವುದುಂಟು. ಮನೆಯ ಮುಂಭಾಗಕ್ಕೆ ಬೆಲೆಬಾಳುವ ಬಣ್ಣ ಬಂದಿರುತ್ತದೆ. ಗ್ಯಾರೇಜಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿನ ಹಣ ತೀರಿರುತ್ತದೆ. ಆಗ ಹಿರಿಯರು ಸುಣ್ಣದ ಮಾತೆತ್ತುತ್ತಾರೆ. ಕಿರಿಯರು ಒಪ್ಪುವುದಿಲ್ಲ. ಸುಣ್ಣದ ಗೋಡೆಗೆ ಒರಗಿದರೆ ಅಂಗಿ ಬೆಳ್ಳಗಾಗುವುದು, ವರ್ಷ ತುಂಬುವುದರೊಳಗೆ ಹಕ್ಕಳೆ ಉದುರುವುದು ಎಂಬುದು ಅವರ ದೂರು. ದೂರು ಸುಳ್ಳಲ್ಲ. ಆದರೆ ಅಂಗಿಗೆ ಅಂಟುವ ಸುಣ್ಣವು ಇನ್ನೂ ಸುಣ್ಣವಾಗಿಯೇ ಉಳಿದಿರುವ ಸುಣ್ಣ. ಅದು ಕಲ್ಲಾಗಬೇಕಾಗಿತ್ತು, ಆಗಿಲ್ಲ. ಏಕೆ ಆಗಲಿಲ್ಲವೆಂಬುದನ್ನು ವಿಚಾರಿಸೋಣ.

ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ 100 ಕಿಲೊಗ್ರಾಂ ಕಲ್ಲಿನಿಂದ 44 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಕಿಲೊಗ್ರಾಂ ಸುಟ್ಟ ಸುಣ್ಣ ಉಳಿಯುವುದು. ಅದಕ್ಕೆ ನೀರು ಬೆರೆತಾಗ ಅರಳಿದ ಸುಣ್ಣವಾಗುವುದು. ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗೂಡಿನಲ್ಲಿ ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಹೀರಿಕೊಂಡು ಮರಳಿ ಕಲ್ಲಾಗುವುದು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತಕ್ಕಡಿಯ ನೆರವಿನಿಂದ ಈ ಅನಿಲದ ಹೋಗುಬರವನ್ನು ತೋರಿಸಿಕೊಟ್ಟನು. ಅವನಿಗಿಂತ ಬಹಳ ಹಿಂದೆ, 1472ರಲ್ಲಿ, ಬೀದರದಲ್ಲಿ ಮಹಮೂದ್ ಗವಾನನ ಮದರಸಾ ಎದ್ದಿತ್ತು. ಅದರ ಕಲ್ಲುಗಳ ನಡುವಿನ ಗಾರೆಯೂ ಇದೇ ಸುಣ್ಣದ್ದು.

ಈಗ ನಮ್ಮ ಗ್ಯಾರೇಜಿನ ಲೆಕ್ಕ ಹಿಡಿಯೋಣ. ಉದ್ದ 6 ಮೀಟರು, ಅಗಲ 3, ಎತ್ತರ 2.7 ಮೀಟರು ಎಂದಿಟ್ಟುಕೊಂಡರೆ ಬಾಗಿಲಿನ ಮಗ್ಗುಲನ್ನು ಬಿಟ್ಟು ಉಳಿದ ಮೂರು ಗೋಡೆಗಳ ಒಳಮೈ ಸುಮಾರು 40 ಚದರ ಮೀಟರು. ಒಂದು ಲೇಪಕ್ಕೆ ಚದರ ಮೀಟರಿಗೆ ಅಂದಾಜು 100 ಗ್ರಾಂ ಸುಟ್ಟ ಸುಣ್ಣ ಸಾಕು; ಮೂರು ಲೇಪಕ್ಕೆ 12 ಕಿಲೊಗ್ರಾಂ. ಗೋಡೆ ಬೀದರದ ಜಂಬಿಟ್ಟಿಗೆ ಕಲ್ಲಿನದಾಗಿದ್ದು ಗಿಲಾವು ಇಲ್ಲದಿದ್ದರೆ, ಆ ಕಲ್ಲಿನ ರಂಧ್ರಗಳು ಮೊದಲ ಲೇಪವನ್ನು ಗಟಗಟನೆ ಕುಡಿಯುವುದರಿಂದ, 15 ಕಿಲೊಗ್ರಾಂ ಕೊಳ್ಳುವುದು ಲೇಸು. ಕೊಳ್ಳುವಾಗ ಗಟ್ಟಿಯಾದ ಹರಳುಗಳನ್ನೇ ಆರಿಸಬೇಕು. ಬಹುಕಾಲ ಗಾಳಿಗೆ ತೆರೆದಿದ್ದು ಪುಡಿಯಾದ ಸುಣ್ಣ ಅಂಗಡಿಯಲ್ಲಿಯೇ ಕಲ್ಲಾಗತೊಡಗಿರುತ್ತದೆ. ಅದು ಗೋಡೆಯನ್ನು ಹಿಡಿಯಲಾರದು. ಒಂದು ಹರಳನ್ನು ನೀರಿಗೆ ಹಾಕಿ ನೋಡಿದರೆ ಗೊತ್ತಾಗುವುದು: ಒಳ್ಳೆಯ ಸುಣ್ಣ ಬಿಸಿಯೇರಿ ಬಿರಿಯುತ್ತದೆ, ಹಳೆಯದು ತಣ್ಣಗೆ ಕುಳಿತಿರುತ್ತದೆ.

ಈ ಬಿಸಿ ಎಷ್ಟೆಂಬುದನ್ನು ತಿಳಿಯದೆ ಕೆಲಸಕ್ಕೆ ಇಳಿಯಬಾರದು. ಒಂದು ಕಿಲೊಗ್ರಾಂ ಸುಟ್ಟ ಸುಣ್ಣ ಅರಳುವಾಗ ಸುಮಾರು 270 ಕಿಲೊಕ್ಯಾಲೊರಿ ಶಾಖ ಹೊರಬೀಳುತ್ತದೆ. ಮೂರೂವರೆ ಲೀಟರು ನೀರನ್ನು ಸಾಧಾರಣ ಉಷ್ಣತೆಯಿಂದ ಕುದಿಯುವವರೆಗೆ ಕಾಯಿಸಲು ಅಷ್ಟು ಶಾಖ ಸಾಕು. ಆದುದರಿಂದ ಪ್ಲಾಸ್ಟಿಕ್ ಬಕೆಟ್ಟು ಬೇಡ, ಕಬ್ಬಿಣದ ಡ್ರಮ್ಮಿರಲಿ. ಮೊದಲು ನೀರು, ಅನಂತರ ಸ್ವಲ್ಪಸ್ವಲ್ಪವಾಗಿ ಸುಣ್ಣ. ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುವುದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಚೀಲ ಇರಲೇಬೇಕು, ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಒಂದು ಹನಿ ಕಣ್ಣಿಗೆ ಬಿದ್ದರೂ ಉಜ್ಜದೆ ಕಾಲು ಗಂಟೆಯಾದರೂ ಶುದ್ಧ ನೀರಿನಿಂದ ತೊಳೆದು ವೈದ್ಯರ ಬಳಿಗೆ ಓಡಬೇಕು. ಸುಣ್ಣದಲ್ಲಿ ಹಣ ಉಳಿಯುವುದು ನಿಜ, ಆದರೆ ಕಣ್ಣಿನ ಬೆಲೆಗಲ್ಲ. ಕಿಲೊಗ್ರಾಂ ಒಂದಕ್ಕೆ ಸುಮಾರು 5 ಲೀಟರು ನೀರಿನ ಪ್ರಮಾಣದಲ್ಲಿ ಕಲಸಿ, ಒಂದು ದಿನವಾದರೂ ನೆನೆಯಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿಕೊಂಡರೆ ತೆಳು ಕೆನೆಯಂತಹ ಹದ ಬರುವುದು. ಕೆಲವರು ಇದಕ್ಕೆ ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಬೆರೆಸುತ್ತಾರೆ. ಸ್ವಲ್ಪವಾದರೆ ತಪ್ಪಿಲ್ಲ, ಹೆಚ್ಚಾದರೆ ತೇವದ ದಿನಗಳಲ್ಲಿ ಬೂಷ್ಟು ಹಿಡಿಯುವುದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ 12 ಕಿಲೊಗ್ರಾಂ ಸುಣ್ಣ ಸಂಪೂರ್ಣವಾಗಿ ಕಲ್ಲಾಗಬೇಕಾದರೆ, ಮೇಲೆ ಹೇಳಿದ 56ಕ್ಕೆ 44ರ ಪ್ರಮಾಣದಂತೆ, ಸುಮಾರು 9.4 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡ್ ಬೇಕು. ಇಂದಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಅದು 420 ಭಾಗಗಳಷ್ಟಿದೆ; ಅಂದರೆ ಒಂದು ಘನ ಮೀಟರು ಗಾಳಿಯಲ್ಲಿ ಸುಮಾರು ಮುಕ್ಕಾಲು ಗ್ರಾಂ. ಹಾಗಾದರೆ ಬೇಕಾದ ಗಾಳಿ 12,500 ಘನ ಮೀಟರು! ಗ್ಯಾರೇಜಿನಲ್ಲಿ ಹಿಡಿಸುವುದು 49 ಘನ ಮೀಟರು ಮಾತ್ರ. ಒಳಗಿನ ಗಾಳಿ ಇನ್ನೂರೈವತ್ತು ಸಲಕ್ಕಿಂತಲೂ ಹೆಚ್ಚು ಬದಲಾಗಬೇಕೆಂದಾಯಿತು. ಸುಣ್ಣ ಬಳಿದು ಬಾಗಿಲಿಗೆ ಬೀಗ ಜಡಿದು ಹೋಗುವವರು ಗೋಡೆಯನ್ನು ಉಪವಾಸ ಕೆಡವುತ್ತಾರೆ.

ಗಾಳಿಯೊಂದೇ ಸಾಲದು. ಒಣ ಸುಣ್ಣವು ಈ ಅನಿಲವನ್ನು ಬಲು ನಿಧಾನವಾಗಿ ಹೀರುತ್ತದೆ. ಕಣಗಳ ಸುತ್ತ ನೀರಿನ ತೆಳುಪೊರೆ ಇದ್ದು, ಅದರಲ್ಲಿ ಸುಣ್ಣವೂ ಅನಿಲವೂ ಕರಗಿದಾಗಲೇ ಅವು ಬೇಗನೆ ಕೂಡುವುವು. ಔರಾದದ ಮೇ ತಿಂಗಳ ಬಿಸಿಲಿನಲ್ಲಿ ನಡುಹಗಲು ಸುಣ್ಣ ಬಳಿದರೆ ಆಗುವುದೇನು? ಒಣ ಗೋಡೆ ಹಿಂದಿನಿಂದಲೂ ಒಣ ಗಾಳಿ ಮುಂದಿನಿಂದಲೂ ನೀರನ್ನು ಸೆಳೆದುಬಿಡುತ್ತವೆ, ಸುಣ್ಣ ಬರಿಯ ಹಿಟ್ಟಾಗಿ ನಿಲ್ಲುತ್ತದೆ. ಅಂಗಿಗೆ ಅಂಟುವುದು ಈ ಹಿಟ್ಟೇ. ಆದುದರಿಂದ ಧೂಳನ್ನೂ ಹಳೆಯ ಹಕ್ಕಳೆಯನ್ನೂ ಕೆರೆದು ತೆಗೆದು, ಗೋಡೆಯನ್ನು ಚೆನ್ನಾಗಿ ತೋಯಿಸಿ, ಇಳಿಹೊತ್ತಿನಲ್ಲಿ ಬಳಿಯಬೇಕು. ಮರುದಿನ ಮತ್ತು ಅದರ ಮರುದಿನ ಮಂಜಿನಂತೆ ನೀರು ಚಿಮುಕಿಸಬೇಕು. ಲೇಪಕ್ಕೂ ಲೇಪಕ್ಕೂ ನಡುವೆ ಒಂದೆರಡು ದಿನ ಬಿಡಬೇಕು. ದಸರೆಗೆ ಮೊದಲು ಮನೆಗೆ ಸುಣ್ಣ ಹಚ್ಚುವ ನಮ್ಮ ರೂಢಿಗೆ ಹಬ್ಬದ ಸಡಗರವೇ ಕಾರಣವಾಗಿದ್ದರೂ, ಮಳೆಗಾಲದ ಕೊನೆಯ ಆ ತಂಪು ಗಾಳಿ ಸುಣ್ಣಕ್ಕೂ ಹಿತವೇ.

ಹೊಸಬರು ಎಡವುವ ಇನ್ನೊಂದು ಕಡೆಯಿದೆ. ಅಲ್ಲಿ ಬೆಳಕಿನ ಶಾಸ್ತ್ರದ ಒಂದು ಚೆಲುವಾದ ಪಾಠವೂ ಇದೆ. ಆಗತಾನೆ ಬಳಿದ ಸುಣ್ಣ ಗೋಡೆಯ ಮೇಲೆ ಕಾಣುವುದೇ ಇಲ್ಲ. ಕಲ್ಲಿನ ಕೆಂಪು ಹಾಗೆಯೇ ತೋರುತ್ತದೆ. ಸಾಲದೆಂದು ತಿಳಿದು ದಪ್ಪವಾಗಿ ಬಳಿಯುತ್ತಾರೆ. ದಪ್ಪ ಲೇಪದ ಹೊರಮೈ ಮೊದಲು ಗಟ್ಟಿಯಾಗಿ, ಕುಗ್ಗಿ, ಬಿರುಕುಬಿಟ್ಟು, ಕೊನೆಗೆ ಹಕ್ಕಳೆಯಾಗಿ ಏಳುವುದು. ಹಸಿ ಸುಣ್ಣ ಏಕೆ ಕಾಣದು? ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ವಕ್ರೀಭವನಾಂಕಗಳ ಅಂತರ ಹೆಚ್ಚಾದಷ್ಟೂ ಹೆಚ್ಚು ಚದುರುವುದು. ಸುಣ್ಣದ ಕಣದ ವಕ್ರೀಭವನಾಂಕ ಸುಮಾರು 1.57, ನೀರಿನದು 1.33, ಗಾಳಿಯದು 1. ಕಣಗಳ ನಡುವೆ ನೀರಿರುವಾಗ ಅಂತರ ಕಡಮೆ. ಬೆಳಕು ಲೇಪವನ್ನು ದಾಟಿ ಕಲ್ಲನ್ನು ಮುಟ್ಟಿ ಅದರ ಬಣ್ಣವನ್ನು ಹೊತ್ತು ಮರಳುವುದು. ನೀರು ಆರಿ ಆ ಜಾಗಕ್ಕೆ ಗಾಳಿ ಬಂದೊಡನೆ ಗೋಡೆ ಬೆಳ್ಳಗಾಗುವುದು. ಎಣ್ಣೆಯ ವಕ್ರೀಭವನಾಂಕ 1.5ರ ಹತ್ತಿರವಿದ್ದು ಅದು ಆರಿಹೋಗುವುದೂ ಇಲ್ಲವಾದುದರಿಂದ, ಎಣ್ಣೆಬಣ್ಣಕ್ಕೆ 2.7ರಷ್ಟು ವಕ್ರೀಭವನಾಂಕವುಳ್ಳ ಟೈಟಾನಿಯಂ ಡೈಆಕ್ಸೈಡನ್ನು ಬಳಸಬೇಕಾಗುತ್ತದೆ. ಅದು ಸುಣ್ಣಕ್ಕಿಂತ ಬಲು ದುಬಾರಿ. ಸುಣ್ಣಕ್ಕೆ ಬಿಳುಪು ಕೊಡುವ ಗಾಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಈ ಬಿಳುಪಿನಿಂದ ಲಾಭವೇನು? ಹೊಸ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ 80 ಪಾಲನ್ನು ಮರಳಿಸುವುದೆಂದೂ, ಕೆಂಪು ಕಲ್ಲು 25 ಪಾಲನ್ನು ಮರಳಿಸುವುದೆಂದೂ ಇಟ್ಟುಕೊಳ್ಳೋಣ. ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ಹೋದಂತೆ 1 + 0.8 + 0.64 + ... ಎಂಬ ಶ್ರೇಢಿ ಬರುವುದು. ಅದರ ಮೊತ್ತ 5. ಕೆಂಪು ಕಲ್ಲಿನಲ್ಲಿ ಮೊತ್ತ ಒಂದೂಕಾಲಕ್ಕಿಂತ ತುಸು ಹೆಚ್ಚು. ನೆಲವೂ ಬಾಗಿಲೂ ಬೆಳಕನ್ನು ನುಂಗುವುದರಿಂದ ಇಷ್ಟು ವ್ಯತ್ಯಾಸ ಕೈಗೆ ಸಿಗದು. ಆದರೂ ಅದೇ ಬಲ್ಬಿನ ಕೆಳಗೆ ನೆಲಕ್ಕೆ ಬಿದ್ದ ತಿರುಪು ಕಣ್ಣಿಗೆ ಬೀಳುವಷ್ಟು ಬೆಳಕು ಹೆಚ್ಚುವುದು. ಸುಣ್ಣಕ್ಕೆ ನೀಲಿ ಬೆರೆಸುವ ವಾಡಿಕೆಯುಂಟು. ನೀಲಿಯು ಸುಣ್ಣದ ಹಳದಿ ಛಾಯೆಯನ್ನು ಮರೆಸಿ ಬಿಳುಪಿನ ಭ್ರಮೆ ಹುಟ್ಟಿಸುತ್ತದೆ, ಆದರೆ ಒಟ್ಟು ಬೆಳಕನ್ನು ತಗ್ಗಿಸುತ್ತದೆ. ಪಡಸಾಲೆಗೆ ಅದು ಶೋಭೆ. ಗ್ಯಾರೇಜಿಗೆ ಬೇಡವೆಂಬುದು ನಮ್ಮ ಅಭಿಪ್ರಾಯ. ಕೆಸರು ಸಿಡಿಯುವ ಬುಡದ ಎರಡು ಅಡಿಗೆ ಸುಣ್ಣದಲ್ಲಿ ಕೆಮ್ಮಣ್ಣನ್ನು ಕಲಸಿ ಪಟ್ಟಿ ಬಳಿಯಬಹುದು. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಸುಣ್ಣದ ಕ್ಷಾರಕ್ಕೆ ಅದು ಮಾಸುವುದಿಲ್ಲ.

ಎಣ್ಣೆಬಣ್ಣವೋ ಪ್ಲಾಸ್ಟಿಕ್ ಬಣ್ಣವೋ ಇರುವ ಗೋಡೆಗೂ ತಗಡಿಗೂ ಸುಣ್ಣ ಸಲ್ಲದು. ಅದಕ್ಕೆ ಬೇರೂರಲು ರಂಧ್ರಗಳು ಬೇಕು. ಹಸಿ ಸುಣ್ಣದ ಮೇಲೆ ಎಣ್ಣೆಬಣ್ಣವನ್ನೂ ಬಳಿಯಬಾರದು. ಕ್ಷಾರವು ಎಣ್ಣೆಯೊಡನೆ ಕೂಡಿ ಸಾಬೂನಾಗಿ ಬಣ್ಣ ಕಳಚಿಬರುವುದು.

ಗೋಡೆ ಕಲ್ಲಾಯಿತೇ ಎಂದು ತಿಳಿಯಲು ಪ್ರಯೋಗಶಾಲೆಯ ಅವಶ್ಯಕತೆಯಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿಯ ಕೆಂಪು ಬರುವುದನ್ನು ಎಲ್ಲರೂ ಬಲ್ಲರು. ಬಳಿದು ಕೆಲವು ವಾರಗಳಾದ ಮೇಲೆ ಮೂಲೆಯೊಂದರಲ್ಲಿ ಅರಿಶಿನದ ನೀರನ್ನು ಒಂದು ಹನಿ ಇಟ್ಟು ನೋಡಿರಿ. ಹನಿ ಹೆಚ್ಚುಕಡಮೆ ಹಳದಿಯಾಗಿಯೇ ಉಳಿದರೆ ಹೊರಮೈ ಕಲ್ಲಾಗಿದೆ. ಕಡುಗೆಂಪಾದರೆ ಇನ್ನೂ ಎರಡು ಸಂಜೆ ನೀರು ಚಿಮುಕಿಸಿ, ಹಗಲೆಲ್ಲ ಬಾಗಿಲು ತೆರೆದಿಡಿರಿ.